ಉಪಗ್ರಹಗಳ ನಾಡೀಪರೀಕ್ಷೆ

ಆಕಾಶವನ್ನು ನೋಡಿ ಕಾಲವನ್ನು ಅರಿಯುವ ವಿದ್ಯೆಯು ನಮ್ಮ ಜನರಿಗೆ ಹೊಸತೇನೂ ಅಲ್ಲ. ಯಾವ ನಕ್ಷತ್ರದ ಮಳೆಗೆ ಯಾವ ಬೆಳೆಯನ್ನು ಬಿತ್ತಬೇಕೆಂಬುದನ್ನು ಅಕ್ಷರಜ್ಞಾನವಿಲ್ಲದ ಒಕ್ಕಲಿಗನೂ ಬಲ್ಲನು; ಗ್ರಹಗಳ ಉದಯಾಸ್ತಗಳೂ ಗ್ರಹಣಗಳೂ ಪಂಚಾಂಗದ ಮೂಲಕ ಮನೆಮನೆಗೆ ಮುಟ್ಟುತ್ತ ಬಂದಿವೆ. ಆದರೆ 1957ನೆಯ ಇಸವಿಯಿಂದೀಚೆಗೆ ಪಂಚಾಂಗದಲ್ಲಿ ಹೆಸರಿಲ್ಲದ ಒಂದು ಹೊಸ ಸಂತತಿಯು ಆಕಾಶದಲ್ಲಿ ನೆಲೆಗೊಂಡಿದೆ. ಸೂರ್ಯನು ಮುಳುಗಿ ಒಂದು ಗಂಟೆಯಾದ ಬಳಿಕ ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡಿದವರಿಗೆ, ಸ್ಥಿರವಾದ ತಾರೆಗಳ ನಡುವೆ ಒಂದು ಚಿಕ್ಕ ಚುಕ್ಕೆಯು ಸದ್ದಿಲ್ಲದೆ ಸರಿದುಹೋಗುವುದು ಕಂಡೇ ಕಾಣುತ್ತದೆ. ಹೆಚ್ಚಿನವು ಒಂದೇ ಸಮನಾದ ಬೆಳಕಿನಿಂದ ಸಾಗುತ್ತವೆ. ಆದರೆ ಕೆಲವು ಹಾಗಲ್ಲ. ಅವು ಒಮ್ಮೆ ಥಟ್ಟನೆ ಹೊಳೆದು, ಮಂಕಾಗಿ, ಕಣ್ಣಿಗೆ ಕಾಣದಂತಾಗಿ, ಕೆಲವು ಸೆಕೆಂಡುಗಳ ತರುವಾಯ ಮುಂದಿನ ಸ್ಥಳದಲ್ಲಿ ಮತ್ತೆ ಹೊಳೆಯುತ್ತವೆ. ಆ ಹೊಳಪುಗಳ ನಡುವಣ ಅಂತರವು ತಾಳ ಹಾಕಿದಂತೆ ನಿಯತವಾಗಿರುತ್ತದೆ.

ಇದನ್ನು ಕಂಡ ಸಾಮಾನ್ಯ ಜನರು ವಿಮಾನದ ದೀಪವೆಂದು ಬಗೆದು ಸುಮ್ಮನಾಗುವುದುಂಟು. ವಸ್ತುತಃ ಅಲ್ಲಿ ಯಾವ ದೀಪವೂ ಇಲ್ಲ. ಸೂರ್ಯನ ಬೆಳಕು ಒಂದು ಲೋಹಪಿಂಡದ ಮೇಲೆ ಬಿದ್ದು ಪ್ರತಿಫಲಿಸುತ್ತಲಿದೆ. ಆ ಪಿಂಡವು ಗಿರಕಿ ಹೊಡೆಯುತ್ತ ಉರುಳುತ್ತಲಿದೆ. ಒಂದು ಜೋಡುದುರ್ಬೀನು, ಒಂದು ಸ್ಟಾಪ್‌ವಾಚು, ಒಂದು ದಿನಚರಿ ಪುಸ್ತಕ, ಇಷ್ಟು ಸಾಮಗ್ರಿಯಿಂದ ಆ ಉರುಳಾಟದ ವೇಗವನ್ನು ಸೆಕೆಂಡಿನ ನೂರನೆಯ ಒಂದಂಶದವರೆಗೆ ಅಳೆಯಬಹುದೆಂದರೆ ವಾಚಕರು ನಂಬಲಿಕ್ಕಿಲ್ಲ. ಆದರೂ ಅದು ಸತ್ಯ. ವೈದ್ಯನು ರೋಗಿಯ ಕೈಹಿಡಿದು ನಾಡಿಯನ್ನು ಎಣಿಸುವಂತೆ, ಭೂಮಿಯ ಮೇಲೆ ನಿಂತ ಸಾಮಾನ್ಯ ಮನುಷ್ಯನು ನೂರಾರು ಕಿಲೋಮೀಟರು ಎತ್ತರದಲ್ಲಿಯ ಯಂತ್ರದ ನಾಡಿಯನ್ನು ಎಣಿಸಿ ಅದು ಬದುಕಿದೆಯೋ ಸತ್ತಿದೆಯೋ ಎಂಬುದನ್ನು ಹೇಳಬಲ್ಲನು. ಈ ವಿದ್ಯೆಯ ಸ್ವರೂಪವೇನು, ಅದರಿಂದ ಲೋಕಕ್ಕಾದ ಪ್ರಯೋಜನವೇನು, ನಾವು ಅದಕ್ಕೆ ಏಕೆ ಲಕ್ಷ್ಯ ಕೊಡಬೇಕು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಹೊಳಪಿಗೆ ಕಾರಣ

ಸಂಜೆಯ ಹೊತ್ತಿಗೆ ನೆಲದ ಮೇಲೆ ಕತ್ತಲೆಯಾದರೂ ಎತ್ತರದ ಬೆಟ್ಟದ ನೆತ್ತಿಯ ಮೇಲೆ ಬಿಸಿಲು ಇನ್ನೂ ಉಳಿದಿರುತ್ತದೆ. ಅದೇ ನ್ಯಾಯದಿಂದ ಎಂಟುನೂರು ಕಿಲೋಮೀಟರು ಎತ್ತರದಲ್ಲಿರುವ ಉಪಗ್ರಹದ ಮೇಲೆ, ನಮಗೆ ರಾತ್ರಿಯಾದ ಎಷ್ಟೋ ಹೊತ್ತಿನವರೆಗೆ ಬಿಸಿಲು ಬೀಳುತ್ತಲೇ ಇರುತ್ತದೆ. ಆದುದರಿಂದ ಉಪಗ್ರಹವೀಕ್ಷಣೆಗೆ ಸಂಜೆಯ ಮೊದಲ ಎರಡು ಗಂಟೆಗಳೂ ಬೆಳಗಿನ ಜಾವದ ಕಡೆಯ ಎರಡು ಗಂಟೆಗಳೂ ಪ್ರಶಸ್ತವಾದವು. ಇಂಗ್ಲೆಂಡು, ಬೆಲ್ಜಿಯಮ್ಮು ಮುಂತಾದ ಉತ್ತರದ ದೇಶಗಳಲ್ಲಿ ಬೇಸಗೆಯ ರಾತ್ರಿಗಳಲ್ಲಿ ಸೂರ್ಯನು ದಿಗಂತದ ಕೆಳಗೆ ಬಹಳ ಆಳಕ್ಕೆ ಹೋಗುವುದಿಲ್ಲವಾಗಿ, ಅಲ್ಲಿಯವರಿಗೆ ರಾತ್ರಿಯೆಲ್ಲ ಉಪಗ್ರಹಗಳು ಕಾಣುತ್ತವೆ. ಉಪಗ್ರಹವು ಭೂಮಿಯ ನೆರಳನ್ನು ಹೊಕ್ಕಾಗ ನಟ್ಟನಡುವೆ ಮಾಯವಾಗುವುದೂ ಇದೇ ಕಾರಣದಿಂದ.

ಕೆಲಸದಲ್ಲಿರುವ ಉಪಗ್ರಹವು ತನ್ನ ಮುಖವನ್ನು ಮನಬಂದಂತೆ ತಿರುಗಿಸುವಂತಿಲ್ಲ. ಅದರ ಕ್ಯಾಮರಾ ಭೂಮಿಯನ್ನೂ, ರೆಕ್ಕೆಗಳು ಸೂರ್ಯನನ್ನೂ ನೋಡುತ್ತಿರಬೇಕು. ಇದಕ್ಕಾಗಿ ಅದರ ಒಡಲಿನಲ್ಲಿ ಸುತ್ತುವ ಗಾಲಿಗಳು, ಅನಿಲದ ಚಿಕ್ಕ ಚಿಲುಮೆಗಳು, ವಿದ್ಯುದಯಸ್ಕಾಂತಗಳು ಇರುತ್ತವೆ. ಈ ವ್ಯವಸ್ಥೆಯು ಕೆಟ್ಟುಹೋದರೆ, ಅಥವಾ ಇಂಧನವು ತೀರಿದರೆ, ಹತೋಟಿ ತಪ್ಪುತ್ತದೆ. ಯಂತ್ರವು ಮೆಲ್ಲಮೆಲ್ಲನೆ ಪಲ್ಟಿ ಹೊಡೆಯತೊಡಗುತ್ತದೆ. ಉಪಗ್ರಹವನ್ನು ಕಕ್ಷೆಗೆ ಮುಟ್ಟಿಸಿ ಬರಿದಾದ ರಾಕೆಟ್ಟಿನ ಮೇಲ್ಹಂತಕ್ಕಂತೂ ಆ ಮುಂದೆ ಯಾವ ಹತೋಟಿಯೂ ಇರುವುದಿಲ್ಲ. ಉದ್ದನೆಯ ಕೊಳವೆಯಾಕಾರದ ಆ ಪಿಂಡವು ತಲೆಕೆಳಗಾಗಿ ಉರುಳುವಾಗ ತನ್ನ ಅಗಲವಾದ ಮಗ್ಗುಲನ್ನು ನಮಗೆ ತೋರಿಸಿದಾಗ ಹೊಳೆಯುವುದು. ತುದಿಯನ್ನು ತೋರಿಸಿದಾಗ ಮಂಕಾಗುವುದು. ಹೀಗಾಗಿ ಮಿನುಗು ಎಂಬುದು ಬಹುಮಟ್ಟಿಗೆ ನಿರ್ಜೀವತೆಯ ಲಕ್ಷಣವೆನ್ನಲಡ್ಡಿಯಿಲ್ಲ.

ಇದಕ್ಕೆ ಅಪವಾದಗಳೂ ಉಂಟು. ಜಪಾನೀಯರು 1986ರ ಆಗಸ್ಟಿನಲ್ಲಿ ಹಾರಿಸಿದ ‘ಅಜಿಸಾಯಿ’ ಎಂಬ ಗೋಲವು ಮಿನುಗುವುದಕ್ಕಾಗಿಯೇ ಹುಟ್ಟಿದ್ದು. ಎರಡು ಮೀಟರಿಗಿಂತ ತುಸು ಹೆಚ್ಚು ಅಡ್ಡಳತೆಯ ಈ ಗೋಲಕ್ಕೆ 318 ಕನ್ನಡಿಗಳನ್ನು ಕೂಡಿಸಿದ್ದಾರೆ. ಸುಮಾರು 1,490 ಕಿಲೋಮೀಟರು ಎತ್ತರದಲ್ಲಿ ಇದು ಸುತ್ತುತ್ತಿರುವಾಗ ಒಂದೊಂದು ಕನ್ನಡಿಯು ಬಿಸಿಲನ್ನು ನಮ್ಮತ್ತ ಎಸೆಯುತ್ತದೆ. ದುರ್ಬೀನಿನಲ್ಲಿ ನೋಡಿದವರಿಗೆ ಮಿಂಚುಹುಳುವೊಂದು ಅವಸರದಿಂದ ಹೋದಂತೆ ತೋರುವುದು. ಹೊಸದಾಗಿ ಈ ವೀಕ್ಷಣೆಯನ್ನು ಅಭ್ಯಾಸಮಾಡುವವರು ಮೊದಲು ನೋಡತಕ್ಕ ವಸ್ತು ಇದೇ ಎಂದು ನಾವು ಸೂಚಿಸುತ್ತೇವೆ. ಕರ್ನಾಟಕದ ಆಕಾಶದಲ್ಲಿಯೂ ಇದು ಹಾಯ್ದುಹೋಗುತ್ತದೆ.

ಎಣಿಸುವ ಕ್ರಮ

ಸಾಧನದ ವಿಷಯದಲ್ಲಿ ಆಡಂಬರವು ಬೇಕಿಲ್ಲ. ‘7×50’ ಅಥವಾ ‘10×50’ ಎಂದು ಗುರುತು ಮಾಡಿದ ದುರ್ಬೀನುಗಳು ಸಾಕು. ಮೊದಲನೆಯ ಅಂಕೆಯು ಎಷ್ಟು ಪಟ್ಟು ದೊಡ್ಡದಾಗಿ ಕಾಣುವುದೆಂಬುದನ್ನೂ, ಎರಡನೆಯದು ಮುಂದಿನ ಗಾಜಿನ ಅಡ್ಡಳತೆಯನ್ನು ಮಿಲಿಮೀಟರುಗಳಲ್ಲಿಯೂ ತಿಳಿಸುತ್ತದೆ. ದೊಡ್ಡ ದೂರದರ್ಶಕವು ಈ ಕೆಲಸಕ್ಕೆ ಅನುಕೂಲಕ್ಕಿಂತ ಅನಾನುಕೂಲವೇ ಹೆಚ್ಚು. ನೆತ್ತಿಯ ಮೇಲೆ ಸಾಗುವ ಉಪಗ್ರಹವು ಎರಡು ಸೆಕೆಂಡಿಗೆ ಚಂದ್ರಬಿಂಬದ ಎರಡರಷ್ಟು ದೂರವನ್ನು ದಾಟುವುದರಿಂದ, ವಿಶಾಲವಾದ ನೋಟವುಳ್ಳ, ಕೈಯಲ್ಲಿ ಹಿಡಿದು ತಿರುಗಿಸಬಹುದಾದ ಸಾಧನವೇ ಇಲ್ಲಿ ಮೇಲು. ಯಾವ ವಸ್ತುವು ಯಾವ ಹೊತ್ತಿಗೆ ಯಾವ ನಕ್ಷತ್ರದ ಬಳಿ ಬರುವುದೆಂಬ ಮುನ್ಸೂಚನೆಯು ಇಂದು ಕೈಯಲ್ಲಿಯ ಮೊಬೈಲು ಫೋನಿನಲ್ಲಿಯೇ ದೊರೆಯುತ್ತದೆ. ವೀಕ್ಷಕನು ಇಪ್ಪತ್ತು ನಿಮಿಷ ಮೊದಲೇ ಕತ್ತಲೆಯಲ್ಲಿ ಕುಳಿತು ಕಣ್ಣುಗಳನ್ನು ಪಳಗಿಸಿಕೊಂಡಿರಬೇಕು. ಬಿಸಿಲಿರುವಾಗ ದುರ್ಬೀನನ್ನು ಸೂರ್ಯನತ್ತ ತಿರುಗಿಸುವ ಹುಡುಗಾಟಿಕೆಯಿಂದ ದೃಷ್ಟಿಯೇ ನಷ್ಟವಾಗುವುದೆಂಬ ಎಚ್ಚರಿಕೆಯನ್ನು ಮಕ್ಕಳಿಗೆ ಮುಂಚಿತವಾಗಿ ಕೊಡತಕ್ಕದ್ದು.

ವಸ್ತುವು ನೋಟಕ್ಕೆ ಸಿಕ್ಕ ಬಳಿಕ ಸ್ಪಷ್ಟವಾದ ಒಂದು ಹೊಳಪನ್ನು ಆರಿಸಿಕೊಂಡು ಗಡಿಯಾರವನ್ನು ಒತ್ತಬೇಕು. ಆಗ ‘ಒಂದು’ ಎನ್ನಬಾರದು, ‘ಸೊನ್ನೆ’ ಎನ್ನಬೇಕು. ಐದು ಕಂಬಗಳ ನಡುವೆ ಅಂಕಣಗಳು ನಾಲ್ಕೇ ಅಲ್ಲವೆ? ಇಲ್ಲಿ ನಾವು ಎಣಿಸುತ್ತಿರುವುದು ಕಂಬಗಳನ್ನಲ್ಲ, ಅಂಕಣಗಳನ್ನು. ಇಪ್ಪತ್ತೈದನೆಯ ಹೊಳಪಿಗೆ ಗಡಿಯಾರವನ್ನು ನಿಲ್ಲಿಸಿದಾಗ 120.5 ಸೆಕೆಂಡುಗಳಾಗಿದ್ದವೆನ್ನೋಣ. ಭಾಗಿಸಿದರೆ ಹೊಳಪಿನ ಅವಧಿಯು 4.82 ಸೆಕೆಂಡು. ಬೆರಳೊತ್ತುವಾಗ ಮನುಷ್ಯನಿಗೆ ಸೆಕೆಂಡಿನ ಐದನೆಯ ಒಂದಂಶದಷ್ಟು ಹೆಚ್ಚುಕಡಿಮೆಯಾಗುವುದು ಸಹಜ. ಆದರೆ ಆ ದೋಷವು ಇಪ್ಪತ್ತೈದು ಅಂಕಣಗಳಲ್ಲಿ ಹಂಚಿಹೋಗುವುದರಿಂದ ಫಲಿತದಲ್ಲಿ ಅದು ನೂರನೆಯ ಅಂಶಕ್ಕೆ ಇಳಿಯುವುದು. ತಾಳ್ಮೆಯು ಯಂತ್ರದ ಕೊರತೆಯನ್ನು ತುಂಬಿಕೊಡುವ ಬಗೆಯಿದು.

ಕೆಲವು ತೊಡಕುಗಳನ್ನೂ ಹೇಳಬೇಕು. ಉರುಳುವ ಕೊಳವೆಯು ಒಂದು ಸುತ್ತಿನಲ್ಲಿ ಎರಡು ಸಲ ಮಗ್ಗುಲನ್ನು ತೋರಿಸುವುದರಿಂದ, ಹೊಳಪಿನ ಅವಧಿಯು ಅದರ ನಿಜವಾದ ಸುತ್ತಿನ ಅರ್ಧವಾಗಿರಬಹುದು. ಒಂದು ಮಗ್ಗುಲು ಬೆಳ್ಳಗೂ ಇನ್ನೊಂದು ಮಾಸಲಾಗಿಯೂ ಇದ್ದರೆ ದೊಡ್ಡ ಹೊಳಪು, ಸಣ್ಣ ಹೊಳಪು ಸರದಿಯಂತೆ ಬರುವುವು. ಎರಡನ್ನೂ ಒಂದೇ ಎಂದೆಣಿಸಿದರೆ ಲೆಕ್ಕವು ಕೆಡುವುದು. ಅಲ್ಲದೆ ಉಪಗ್ರಹವು ಆಕಾಶವನ್ನು ದಾಟುತ್ತಿರುವಾಗ ಸೂರ್ಯ, ಪಿಂಡ, ವೀಕ್ಷಕ, ಈ ಮೂವರ ನಡುವಣ ಕೋನವು ಕ್ಷಣಕ್ಷಣಕ್ಕೂ ಬದಲಾಗುವುದರಿಂದ, ಕಂಡ ಅವಧಿಯು ನಿಜವಾದ ಅವಧಿಗಿಂತ ತುಸು ಹೆಚ್ಚೋ ಕಡಿಮೆಯೋ ಆಗುತ್ತದೆ. ಆದುದರಿಂದಲೇ ವೀಕ್ಷಕನು ತಾನು ನಿಂತ ಸ್ಥಳವನ್ನೂ ನೋಡಿದ ಹೊತ್ತನ್ನೂ ತಪ್ಪದೆ ಬರೆದಿಡಬೇಕು. ಮಿನುಗು ಕಾಣದಿದ್ದರೆ ‘ಮಿನುಗಲಿಲ್ಲ’ ಎಂಬುದನ್ನೂ ಬರೆಯಬೇಕು. ಅದೂ ಒಂದು ಸಂಗತಿಯೇ.

ಹವ್ಯಾಸಿಗಳ ಪರಂಪರೆ

ಈ ಕಾರ್ಯವು ಮೊದಲಿನಿಂದಲೂ ಸಾಮಾನ್ಯರ ಕೈಯಲ್ಲಿ ಬೆಳೆದದ್ದು. ಅಮೆರಿಕೆಯ ಸ್ಮಿತ್ಸೋನಿಯನ್ ವೇಧಶಾಲೆಯ ಫ್ರೆಡ್ ವಿಪ್ಪಲ್ ಎಂಬ ಖಗೋಲಜ್ಞರು, ಮೊದಲ ಉಪಗ್ರಹವು ಹಾರುವುದಕ್ಕೆ ಮೊದಲೇ, ಸ್ವಯಂಸೇವಕರ ತಂಡಗಳನ್ನು ಕಟ್ಟುವ ಯೋಜನೆಯನ್ನು ಹೂಡಿದರು. ‘ಮೂನ್‌ವಾಚ್’ ಎಂದು ಅದಕ್ಕೆ ಹೆಸರು. ವಿದ್ಯಾರ್ಥಿಗಳು, ಉಪಾಧ್ಯಾಯರು, ಗೃಹಿಣಿಯರು ಸಾಲಾಗಿ ಕುಳಿತು, ಒಬ್ಬೊಬ್ಬರು ಆಕಾಶದ ಒಂದೊಂದು ತುಂಡನ್ನು ಪುಟ್ಟ ದುರ್ಬೀನಿನಲ್ಲಿ ಕಾಯುವ ‘ಬೇಲಿ’ಯನ್ನು ಅವರು ರಚಿಸಿದರು. 1957ರ ಅಕ್ಟೋಬರ್ 4ರಂದು ರಷ್ಯನರು ಸ್ಪುಟ್ನಿಕ್ಕನ್ನು ಹಾರಿಸಿದಾಗ ಕೆಲಸಕ್ಕೆ ಸಿದ್ಧರಾಗಿದ್ದವರಲ್ಲಿ ಈ ತಂಡಗಳವರೂ ಸೇರಿದ್ದರು. ಅಂದು ಜನರು ಬರಿಗಣ್ಣಿನಿಂದ ನೋಡಿ ಬೆರಗಾದದ್ದು ಬಹುತೇಕ ಆ ಪುಟ್ಟ ಗೋಲವನ್ನಲ್ಲ, ಅದರ ಹಿಂದೆ ಕಕ್ಷೆಯಲ್ಲಿ ಬರುತ್ತಿದ್ದ ದೊಡ್ಡ ರಾಕೆಟ್ಟನ್ನು. ಅದೇ ಯೋಜನೆಯ ಇನ್ನೊಂದು ಅಂಗವಾಗಿ ಲೋಕದ ಹನ್ನೆರಡು ಕಡೆಗಳಲ್ಲಿ ಸ್ಥಾಪಿತವಾದ ಬೇಕರ್-ನನ್ ಕ್ಯಾಮರಾಗಳಲ್ಲಿ ಒಂದು ನಮ್ಮ ನೈನಿತಾಲಿನ ವೇಧಶಾಲೆಗೆ ಬಂದಿತ್ತೆಂಬುದನ್ನು ಇಲ್ಲಿ ನೆನೆಯಬೇಕು.

1962ರ ಸೆಪ್ಟೆಂಬರ್ 5ರ ಬೆಳಗಿನ ಜಾವದಲ್ಲಿ ಸ್ಪುಟ್ನಿಕ್-4 ಎಂಬ ರಷ್ಯದ ನೌಕೆಯು ವಾಯುಮಂಡಲವನ್ನು ಹೊಕ್ಕು ಚೂರುಚೂರಾದುದನ್ನು ಅಮೆರಿಕೆಯ ಮಿಲ್ವಾಕಿ ನಗರದ ಮೂನ್‌ವಾಚ್ ತಂಡದವರು ಕಣ್ಣಾರೆ ಕಂಡರು. ಅದರ ಒಂದು ಚೂರು, ಸುಮಾರು ಒಂಬತ್ತು ಕಿಲೋಗ್ರಾಮು ತೂಕದ್ದು, ಮ್ಯಾನಿಟವಾಕ್ ಎಂಬ ಊರಿನ ಬೀದಿಯ ನಡುವೆ ಹೂತುಕೊಂಡಿತ್ತು. ಗಸ್ತಿನ ಪೋಲೀಸರು ಅದನ್ನು ಯಾವುದೋ ಕಾರ್ಖಾನೆಯ ಗುಜರಿಯೆಂದು ಮೊದಲು ಬಗೆದಿದ್ದರು. ಆಕಾಶದಿಂದ ಬಿದ್ದ ವಸ್ತುವೆಂದು ಅದರ ಗುರುತು ಸಿಕ್ಕುವುದಕ್ಕೆ ಹವ್ಯಾಸಿಗಳ ಕಣ್ಣು ನೆರವಾಯಿತು. ಮೂನ್‌ವಾಚ್ ಯೋಜನೆಯು 1975ರಲ್ಲಿ ಮುಗಿಯಿತು. ಅದು ಕಲಿಸಿದ ಅಭ್ಯಾಸವು ಮುಗಿಯಲಿಲ್ಲ.

ಇಂಗ್ಲೆಂಡಿನಲ್ಲಿ ಡೆಸ್ಮಂಡ್ ಕಿಂಗ್-ಹೀಲ್ ಎಂಬ ವಿಜ್ಞಾನಿಯು ಇಂಥ ಸ್ವಯಂಸೇವಕರು ದುರ್ಬೀನಿನಿಂದ ಗುರುತಿಸಿದ ಸ್ಥಾನಗಳನ್ನು ಕೂಡಿಸಿ ಉಪಗ್ರಹಗಳ ಕಕ್ಷೆಗಳನ್ನು ಗಣಿಸಿದರು. ಆ ಕಕ್ಷೆಗಳ ಸೂಕ್ಷ್ಮವಾದ ಓಲಾಟದಿಂದ ಮೇಲಿನ ವಾಯುಮಂಡಲದ ಸಾಂದ್ರತೆ, ಅಲ್ಲಿಯ ಗಾಳಿಯ ಬೀಸು ಇವು ತಿಳಿದುಬಂದುವಲ್ಲದೆ, ಭೂಮಿಯ ಆಕಾರದ ಬಗೆಗಿನ ಜ್ಞಾನವೂ ನಿಖರವಾಯಿತು. ಭೂಮಿಯು ಧ್ರುವಗಳಲ್ಲಿ ಚಪ್ಪಟೆಯಾದ ಗೋಲವೆಂದು ನಾವು ಶಾಲೆಯಲ್ಲಿ ಕಲಿತೆವಷ್ಟೆ; ಉತ್ತರಧ್ರುವದ ಸಮುದ್ರಮಟ್ಟವು ದಕ್ಷಿಣಧ್ರುವದ್ದಕ್ಕಿಂತ ನಲವತ್ತು ಮೀಟರುಗಳಷ್ಟು ಹೆಚ್ಚು ದೂರದಲ್ಲಿದ್ದು, ಭೂಮಿಗೆ ಪೇರುಹಣ್ಣಿನ ಸಣ್ಣದೊಂದು ಛಾಯೆಯಿದೆಯೆಂಬುದು ಉಪಗ್ರಹಗಳಿಂದ ತಿಳಿದ ಸಂಗತಿ. ಮನೆಯ ಹಿತ್ತಿಲಲ್ಲಿ ಚಳಿಯಲ್ಲಿ ನಿಂತವರ ಟಿಪ್ಪಣಿಗಳು ಭೂಮಿಯ ಅಳತೆಗೆ ಒದಗಿದವೆಂಬುದು ಸಾಮಾನ್ಯ ಮಾತಲ್ಲ.

ಮಿನುಗಿನ ಅವಧಿಯನ್ನು ಅಳೆಯುವ ಕೆಲಸವನ್ನೇ ವ್ರತದಂತೆ ಹಿಡಿದವರು ಬೆಲ್ಜಿಯಮ್ಮಿನ ಹವ್ಯಾಸಿಗಳ ಮಂಡಲಿಯವರು. ರಷ್ಯದ ಕಾಸ್ಮಾಸ್ ಉಪಗ್ರಹಗಳನ್ನು ಹೊತ್ತೊಯ್ದ ನೂರಾರು ರಾಕೆಟ್ಟುಗಳು ಸುಮಾರು ಆರು ಮೀಟರು ಉದ್ದದ ಕೊಳವೆಗಳಾಗಿ ಇಂದಿಗೂ ಸುತ್ತುತ್ತಿವೆ. ಅವುಗಳಲ್ಲಿ ಒಂದೊಂದರ ಅವಧಿಯನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಎಣಿಸಿ, ಬೇರೆ ದೇಶಗಳ ವೀಕ್ಷಕರಿಂದಲೂ ವರದಿಗಳನ್ನು ತರಿಸಿಕೊಂಡು, ಒಂದೇ ಕೋಷ್ಟಕದಲ್ಲಿ ಸಂಗ್ರಹಿಸಿದರು. ಈ ಕೆಲಸಕ್ಕೆ ಸಂಬಳವಿರಲಿಲ್ಲ, ಬಿರುದಿರಲಿಲ್ಲ. ಹನಿಗೂಡಿ ಹಳ್ಳವಾಯಿತು.

ಅಂಕೆಗಳು ಹೇಳುವ ಕಥೆ

ಇಷ್ಟು ಅಂಕೆಗಳನ್ನು ಕೂಡಿಹಾಕಿ ಪ್ರಯೋಜನವೇನೆಂದು ಯಾರಾದರೂ ಕೇಳಬಹುದು. ಉತ್ತರವು ಆ ಅಂಕೆಗಳ ಬದಲಾವಣೆಯಲ್ಲಿದೆ. ಬುಗುರಿಯು ನೆಲದ ಘರ್ಷಣೆಯಿಂದ ನಿಧಾನವಾಗುತ್ತದೆ; ನಿರ್ವಾತದಲ್ಲಿ ಸುತ್ತುವ ರಾಕೆಟ್ಟಿಗೆ ಅಂಥ ಘರ್ಷಣೆಯಿಲ್ಲ. ಆದರೂ ಅದು ವರ್ಷವರ್ಷಕ್ಕೆ ನಿಧಾನವಾಗುವುದೇಕೆ? ಭೂಮಿಯ ಅಯಸ್ಕಾಂತಕ್ಷೇತ್ರದಲ್ಲಿ ಲೋಹದ ಪಿಂಡವು ಸುತ್ತುವಾಗ ಅದರ ಮೈಯಲ್ಲಿ ವಿದ್ಯುತ್ತಿನ ಸುಳಿಗಳು ಹುಟ್ಟುತ್ತವೆ. ಆ ಸುಳಿಗಳು ಲೋಹವನ್ನು ಅತ್ಯಲ್ಪವಾಗಿ ಕಾಯಿಸುತ್ತವೆ. ಆ ಶಾಖದ ಬೆಲೆಯನ್ನು ಸುತ್ತುವ ಶಕ್ತಿಯಿಂದಲೇ ಕೊಡಬೇಕಾಗುತ್ತದೆ. ಕಾಣದ ಕೈಯೊಂದು ಕುಂಬಾರನ ತಿಗರಿಯನ್ನು ಮೆಲ್ಲಗೆ ತಡೆದಂತೆ. ಮೊದಲು ಹೇಳಿದ ಅಜಿಸಾಯಿಯೂ ಆರಂಭದಲ್ಲಿ ನಿಮಿಷಕ್ಕೆ 40 ಸುತ್ತು ಸುತ್ತುತ್ತಿದ್ದುದು ಇಂದು 30ಕ್ಕೂ ಕೆಳಗಿಳಿದಿದೆ.

ಆದರೆ ಎಲ್ಲವೂ ನಿಧಾನವಾಗುವುದಿಲ್ಲ. ಅಮೆರಿಕೆಯೂ ಫ್ರಾನ್ಸೂ ಕೂಡಿ ಸಮುದ್ರಮಟ್ಟವನ್ನು ಅಳೆಯಲೆಂದು 1992ರಲ್ಲಿ ಹಾರಿಸಿದ ‘ಟೋಪೆಕ್ಸ್-ಪೊಸೈಡಾನ್’ ಉಪಗ್ರಹವು 2006ರಲ್ಲಿ ನಿಂತುಹೋಯಿತು. ಬಳಿಕ ಅದು ಸುತ್ತತೊಡಗಿ, ವರ್ಷಗಳು ಕಳೆದಂತೆ ವೇಗವನ್ನು ಹೆಚ್ಚಿಸಿಕೊಂಡು, ಸುಮಾರು ಹನ್ನೊಂದು ಸೆಕೆಂಡಿಗೊಂದು ಸುತ್ತಿಗೆ ಬಂದಿತು. ಅದರ ಅಗಲವಾದ ರೆಕ್ಕೆಯ ಮೇಲೆ ಬೀಳುವ ಬಿಸಿಲಿನ ಒತ್ತಡವೇ ಗಾಳಿಯಂತ್ರವನ್ನು ತಿರುಗಿಸುವ ಗಾಳಿಯಂತೆ ಅದನ್ನು ತಿರುಗಿಸಿತು. ಬೆಳಕಿಗೂ ತಳ್ಳುವ ಬಲವಿದೆಯೆಂಬುದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತ ಬೇಕೆ? ಒಂದು ರಾಕೆಟ್ಟಿನ ಅವಧಿಯು ಒಮ್ಮಿಂದೊಮ್ಮೆಲೆ ಬದಲಾದರೆ, ಉಳಿದ ಇಂಧನವು ಸೋರಿತೋ, ಯಾವುದಾದರೂ ಚೂರು ಬಂದು ಬಡಿಯಿತೋ ಎಂಬ ಸಂಶಯಕ್ಕೆ ಅವಕಾಶವಾಗುವುದು. ದಿನಚರಿಯಲ್ಲಿ ಹಳೆಯ ಅಂಕೆಯಿದ್ದವನಿಗೆ ಮಾತ್ರವೇ ಹೊಸ ಅಂಕೆಯ ಅರ್ಥವು ಗೊತ್ತಾಗತಕ್ಕದ್ದು.

ಇರಿಡಿಯಮ್ ಎಂಬ ಟೆಲಿಫೋನು ಉಪಗ್ರಹಗಳ ಕಥೆಯು ಇನ್ನೂ ಬೋಧಪ್ರದವಾಗಿದೆ. 1997ರಿಂದ ಹಾರಿದ ಈ ಉಪಗ್ರಹಗಳಿಗೆ ಬಾಗಿಲಿನಷ್ಟು ದೊಡ್ಡದಾದ, ಕನ್ನಡಿಯಂತೆ ನಯವಾದ ಮೂರು ಆಂಟೆನಾ ಹಲಗೆಗಳಿದ್ದವು. ಅವು ಬಿಸಿಲನ್ನು ಭೂಮಿಯ ಕಡೆಗೆ ಚೆಲ್ಲಿದಾಗ ಶುಕ್ರನಿಗಿಂತ ಹಲವು ಪಟ್ಟು ಉಜ್ವಲವಾದ ಹೊಳಪು ಕೆಲವು ಸೆಕೆಂಡು ಕಾಣುತ್ತಿತ್ತು. ಸ್ಥಳ ಗೊತ್ತಿದ್ದವರಿಗೆ ಹಗಲಲ್ಲಿಯೂ ಕಂಡದ್ದುಂಟು. ಉಪಗ್ರಹವು ತನ್ನ ಮುಖವನ್ನು ನಿಯಮದಂತೆ ಇಟ್ಟುಕೊಂಡಿದ್ದರೆ ಆ ಹೊಳಪು ಗಣಿಸಿದ ಸೆಕೆಂಡಿಗೇ ಬರುತ್ತಿತ್ತು. ಬಾರದೆ ಹೋದರೆ, ಅಥವಾ ಒಂದರ ಬದಲು ಹೊಳಪುಗಳ ಸಾಲೇ ಕಂಡರೆ, ಹತೋಟಿ ತಪ್ಪಿತೆಂದು ಅಂಗಳದಲ್ಲಿ ನಿಂತವನಿಗೂ ತಿಳಿಯುವಂತಿತ್ತು. ಒಡೆಯರು ಬಾಯಿ ಬಿಡುವುದಕ್ಕೆ ಮೊದಲೇ ಬೆಳಕು ಬಾಯಿ ಬಿಡುವುದೆಂಬುದೇ ಇದರ ಸ್ವಾರಸ್ಯ. ಆ ಮೊದಲ ಪೀಳಿಗೆಯ ಬಹುಪಾಲನ್ನು ಕಂಪನಿಯವರು ಈಗ ಕಕ್ಷೆಯಿಂದ ಇಳಿಸಿದ್ದಾರೆ; ಹತೋಟಿ ತಪ್ಪಿ ಸತ್ತ ಕೆಲವು ಮಾತ್ರ ಇನ್ನೂ ಮೇಲೆಯೇ ಉಳಿದಿವೆ.

ಹುಬ್ಬಳ್ಳಿಯ ನೆತ್ತಿಯ ಬಳಿ

ಇದುವರೆಗೆ ಹೇಳಿದವು ಕೆಳಗಿನ ಕಕ್ಷೆಗಳ ಮಾತು. 35,786 ಕಿಲೋಮೀಟರು ಎತ್ತರದಲ್ಲಿ, ಭೂಮಿಯೊಡನೆಯೇ ಸುತ್ತುತ್ತ ಒಂದೇ ಕಡೆ ನಿಂತಂತೆ ತೋರುವ ದೂರವಾಣಿ, ದೂರದರ್ಶನದ ಉಪಗ್ರಹಗಳು ಸಾಮಾನ್ಯವಾಗಿ ದುರ್ಬೀನಿಗೆ ಕಾಣಲಾರವು. ಆದರೆ ಅವು ಸತ್ತು ಉರುಳತೊಡಗಿದರೆ, ರೆಕ್ಕೆಯ ಕನ್ನಡಿಯು ಸರಿಯಾದ ಕೋನಕ್ಕೆ ಬಂದ ಕೆಲವು ನಿಮಿಷಗಳ ಕಾಲ, ಆ ದೂರದಿಂದಲೂ ಹೊಳಪುಗಳು ಬರುತ್ತವೆ. 1997ರ ಜನವರಿ 11ರಂದು ಒಮ್ಮೆಲೆ ಮೂಕವಾದ ‘ಟೆಲ್‌ಸ್ಟಾರ್ 401’ ಎಂಬ ಅಮೆರಿಕೆಯ ಉಪಗ್ರಹವನ್ನು ಅಲ್ಲಿಯ ಹವ್ಯಾಸಿಗಳು ಹೀಗೆಯೇ ದುರ್ಬೀನಿನಿಂದ ಹಿಂಬಾಲಿಸಿದರು.

ಈ ಸತ್ತ ಉಪಗ್ರಹಗಳು ಎಲ್ಲಿಗೆ ಹೋಗುತ್ತವೆ? ಭೂಮಿಯ ಸಮಭಾಜಕವೃತ್ತವು ಶುದ್ಧ ವೃತ್ತವಲ್ಲದ ಕಾರಣ, ಆ ಎತ್ತರದಲ್ಲಿ ಗುರುತ್ವದ ಎರಡು ತಗ್ಗುಗಳಿವೆ. ಒಂದು ಪಶ್ಚಿಮ ರೇಖಾಂಶ 105ರ ಬಳಿ, ಇನ್ನೊಂದು ಪೂರ್ವ ರೇಖಾಂಶ 75ರ ಬಳಿ. ಹತೋಟಿ ತಪ್ಪಿದ ಉಪಗ್ರಹವು ಇವುಗಳಲ್ಲಿ ಒಂದರ ಸುತ್ತ ತೊಟ್ಟಿಲಿನಂತೆ ವರ್ಷಗಟ್ಟಲೆ ಆಚೆಗೂ ಈಚೆಗೂ ತೂಗುತ್ತಿರುತ್ತದೆ. ಪೂರ್ವ ರೇಖಾಂಶ 75 ಎಂದರೆ ಯಾವುದು? ಧಾರವಾಡ, ಹುಬ್ಬಳ್ಳಿಗಳು ನಿಂತಿರುವ ರೇಖೆಯೇ ಅದು. ಹುಬ್ಬಳ್ಳಿಯಲ್ಲಿ ನಿಂತವನು ದಕ್ಷಿಣಕ್ಕೆ ಮುಖಮಾಡಿ ದಿಗಂತದಿಂದ 72 ಅಂಶಗಳಷ್ಟು ಮೇಲಕ್ಕೆ, ಎಂದರೆ ಹೆಚ್ಚುಕಡಿಮೆ ನೆತ್ತಿಗೇ, ನೋಡಿದರೆ ಆ ತಗ್ಗಿನ ನಡುಮಧ್ಯವನ್ನೇ ನೋಡಿದಂತಾಗುವುದು. ಹಳೆಯ ಉಪಗ್ರಹಗಳ ಕಕ್ಷೆಯು ಕಾಲಾಂತರದಲ್ಲಿ 15 ಅಂಶಗಳವರೆಗೆ ವಾಲುವುದರಿಂದ ಅವು ಆ ಬಿಂದುವಿನ ಉತ್ತರ ದಕ್ಷಿಣಗಳಿಗೂ ಸುಳಿದಾಡುತ್ತವೆ. ದುರ್ಬೀನನ್ನು ಮುಕ್ಕಾಲಿಗೆಗೆ ಕಟ್ಟಿ ನಿಲ್ಲಿಸಿದರೆ ತಾರೆಗಳು ಸರಿದುಹೋಗುತ್ತವೆ. ಒಂದೇ ಎಡೆಯಲ್ಲಿ ಮತ್ತೆಮತ್ತೆ ಹೊಳೆಯುವ ಕಿಡಿಯು ತಾರೆಯಲ್ಲವೆಂದು ಆಗ ನಿಶ್ಚಯವಾಗುವುದು. ಈ ಪ್ರದೇಶವನ್ನು ಕಾಯುವುದಕ್ಕೆ ಇದಕ್ಕಿಂತ ಅನುಕೂಲವಾದ ನೆಲವು ಲೋಕದಲ್ಲಿ ಹೆಚ್ಚಿಲ್ಲ.

ಆಕ್ಷೇಪಗಳು

ರಾಡಾರುಗಳೂ ಲೇಸರುಗಳೂ ಸ್ವಯಂಚಾಲಿತ ಕ್ಯಾಮರಾಗಳೂ ಇರುವ ಈ ಕಾಲದಲ್ಲಿ ದುರ್ಬೀನಿನವನ ಲೆಕ್ಕ ಯಾರಿಗೆ ಬೇಕೆಂಬ ಆಕ್ಷೇಪವು ಬರಬಹುದು. ಅದರಲ್ಲಿ ಅರ್ಧ ಸತ್ಯವಿದೆ. ಯುರೋಪಿನ ‘ಎನ್ವಿಸ್ಯಾಟ್’ ಎಂಬ ಎಂಟು ಟನ್ನಿನ ಉಪಗ್ರಹವು 2012ರ ಏಪ್ರಿಲ್ 8ರಂದು ಮೂಕವಾದ ಬಳಿಕ, ಅದು ಸುಮಾರು 135 ಸೆಕೆಂಡಿಗೊಮ್ಮೆ ಸುತ್ತುತ್ತಿದೆಯೆಂದು 2013ರ ಅಳತೆಗಳಿಂದ ನಿರ್ಧರಿಸಿದ್ದು ಲೇಸರು ಕಿರಣದಿಂದ. ರಷ್ಯದ ಸ್ವಯಂಚಾಲಿತ ಕ್ಯಾಮರಾವೊಂದು ಸಾವಿರಾರು ವಸ್ತುಗಳ ಹೊಳಪಿನ ಏರಿಳಿತವನ್ನು ದಾಖಲಿಸಿದೆ. ಯಂತ್ರಗಳೊಡನೆ ಸ್ಪರ್ಧಿಸಬೇಕೆಂದು ನಾವು ಹೇಳುವುದಿಲ್ಲ.

ಆದರೆ ಉಳಿದರ್ಧವನ್ನೂ ಕೇಳಬೇಕು. ಆ ಯಂತ್ರಗಳು ದೊಡ್ಡ ರಾಷ್ಟ್ರಗಳ, ದೊಡ್ಡ ಸಂಸ್ಥೆಗಳ ಕೈಯಲ್ಲಿವೆ. ತಮಗೆ ಹಿತವೆನಿಸಿದ್ದನ್ನು ಅವರು ಪ್ರಕಟಿಸುತ್ತಾರೆ, ಬೇಡವೆನಿಸಿದ್ದನ್ನು ಮುಚ್ಚಿಡುತ್ತಾರೆ. ಅಮೆರಿಕೆಯು ತನ್ನ ಗುಪ್ತ ಉಪಗ್ರಹಗಳ ಕಕ್ಷೆಗಳನ್ನು ಪ್ರಕಟಿಸುವುದಿಲ್ಲ. ಹಾರಿದ ಕೂಡಲೆ ಕೆಟ್ಟುಹೋಗಿ 2008ರ ಫೆಬ್ರುವರಿಯಲ್ಲಿ ಕ್ಷಿಪಣಿಯಿಂದ ನಾಶಮಾಡಲ್ಪಟ್ಟ ಅವರ ‘ಯು.ಎಸ್.ಎ. 193’ ಎಂಬ ಬೇಹುಗಾರ ಉಪಗ್ರಹದ ಕಕ್ಷೆಯನ್ನು ಹವ್ಯಾಸಿಗಳು ಹಿತ್ತಿಲಿನಿಂದಲೇ ಗಣಿಸುತ್ತಿದ್ದರು. ಆಕಾಶಕ್ಕೆ ಪರದೆ ಕಟ್ಟುವ ಅಧಿಕಾರವು ಯಾರಿಗೂ ಇಲ್ಲ. ಪ್ರಜೆಗಳ ತಲೆಯ ಮೇಲೆ ಹಾಯುವ ವಸ್ತುವು ಯಾವುದು, ಅದು ಯಾವ ಸ್ಥಿತಿಯಲ್ಲಿದೆಯೆಂಬುದನ್ನು ಪ್ರಜೆಗಳು ಸ್ವತಂತ್ರವಾಗಿ ನೋಡಿ ಹೇಳಬಲ್ಲರೆಂಬುದು ಸಣ್ಣ ಮಾತಲ್ಲ. ಲೆಕ್ಕವನ್ನು ತಪಾಸಣೆ ಮಾಡುವ ಎರಡನೆಯ ಕಣ್ಣು ಯಾವ ವ್ಯವಹಾರಕ್ಕೂ ಹಿತಕರವಾದದ್ದೇ.

ಇದು ಕೇವಲ ವಿನೋದವಲ್ಲ

ಕಕ್ಷೆಯಲ್ಲಿಯ ಈ ಗುಜರಿಯು ಬರಿಯ ಕುತೂಹಲದ ವಸ್ತುವಲ್ಲ. 2009ರ ಫೆಬ್ರುವರಿ 10ರಂದು ಸೈಬೀರಿಯದ ಮೇಲೆ, ಸುಮಾರು 790 ಕಿಲೋಮೀಟರು ಎತ್ತರದಲ್ಲಿ, ಕೆಲಸದಲ್ಲಿದ್ದ ಇರಿಡಿಯಮ್-33ಕ್ಕೂ ಸತ್ತು ಎಷ್ಟೋ ವರ್ಷಗಳಾಗಿದ್ದ ರಷ್ಯದ ಕಾಸ್ಮಾಸ್-2251ಕ್ಕೂ ಡಿಕ್ಕಿಯಾಯಿತು. ಎರಡೂ ನುಚ್ಚುನೂರಾದವು, ರಾಡಾರಿಗೆ ಸಿಕ್ಕಿದ ಚೂರುಗಳೇ ಎರಡು ಸಾವಿರದಷ್ಟು. ಹವೆಯ ಮುನ್ಸೂಚನೆ, ಮೀನುಗಾರರ ರಕ್ಷಣೆ, ದೂರದ ಹಳ್ಳಿಯ ಟೆಲಿಫೋನು, ಇವೆಲ್ಲವನ್ನೂ ಉಪಗ್ರಹಗಳಿಗೆ ಒಪ್ಪಿಸಿರುವ ನಮಗೆ ಇದು ಪರರ ಮನೆಯ ಬೆಂಕಿಯಲ್ಲ.

ಸತ್ಯವನ್ನು ಹೇಳುವಾಗ ನಮ್ಮವರದ್ದನ್ನೂ ಹೇಳಬೇಕು. 2001ರ ಅಕ್ಟೋಬರಿನಲ್ಲಿ ಹಾರಿದ ನಮ್ಮ ಪಿ.ಎಸ್.ಎಲ್.ವಿ. ಸಿ-3 ರಾಕೆಟ್ಟಿನ ನಾಲ್ಕನೆಯ ಹಂತವು ಅದೇ ಡಿಸೆಂಬರಿನಲ್ಲಿ ಕಕ್ಷೆಯಲ್ಲಿಯೇ ಸಿಡಿದು ಮುನ್ನೂರಕ್ಕೂ ಹೆಚ್ಚು ಚೂರುಗಳಾಯಿತು. ಆ ಮುಂದಿನ ರಾಕೆಟ್ಟುಗಳಲ್ಲಿ ಉಳಿದ ಇಂಧನವನ್ನು ಹೊರಗೆ ಹಾಕಿ ಹಂತವನ್ನು ನಿರಪಾಯಗೊಳಿಸುವ ಕ್ರಮವನ್ನು ನಮ್ಮ ವಿಜ್ಞಾನಿಗಳು ಆಚರಣೆಗೆ ತಂದದ್ದು ಶ್ಲಾಘ್ಯವಾಗಿದೆ. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಲ್ಪಟ್ಟು 1975ರ ಏಪ್ರಿಲ್ 19ರಂದು ಹಾರಿದ ‘ಆರ್ಯಭಟ’ವು ಕೆಲವೇ ದಿನಗಳಲ್ಲಿ ವಿದ್ಯುತ್ತಿನ ದೋಷಕ್ಕೆ ಈಡಾಗಿ, ಕೆಲಸವು ನಿಂತ ಬಳಿಕವೂ 1992ರವರೆಗೆ ಭೂಮಿಯನ್ನು ಸುತ್ತುತ್ತಲೇ ಇತ್ತು. ಅದೇ ಪೀಣ್ಯದಲ್ಲಿ 2022ರ ಜುಲೈಯಲ್ಲಿ ಇಸ್ರೋ ಸಂಸ್ಥೆಯು ಬಾಹ್ಯಾಕಾಶದ ವಸ್ತುಗಳನ್ನು ಕಾಯುವ ಕೇಂದ್ರವೊಂದನ್ನು ತೆರೆದಿದೆ. ಕಟ್ಟಿದ ಊರೇ ಕಾಯುವ ಊರೂ ಆಯಿತೆಂಬುದು ಯೋಗ್ಯವೇ ಆಗಿದೆ.

ಮುಂದಿನ ಹೆಜ್ಜೆಯು ಈ ಗುಜರಿಯನ್ನು ಹಿಡಿದು ಕೆಳಗಿಳಿಸುವುದು. ಜಪಾನಿನ ಕಂಪನಿಯೊಂದು 2024ರಲ್ಲಿ ತನ್ನ ನೌಕೆಯನ್ನು, 2009ರಿಂದ ಸುತ್ತುತ್ತಿದ್ದ ಹಳೆಯ ರಾಕೆಟ್ಟಿನ ಹಂತವೊಂದರ ಬಳಿಗೆ ಕಳುಹಿಸಿ, ಅದರ ಚಿತ್ರಗಳನ್ನು ತೆಗೆಯಿಸಿತು. ಮೊದಲು ಅವರು ತಿಳಿಯಬೇಕಾಗಿದ್ದುದೇ ಆ ಪಿಂಡವು ಹೇಗೆ ಹೊರಳುತ್ತಿದೆಯೆಂಬುದನ್ನು. ಬೆದರಿದ ಎತ್ತನ್ನು ಹಿಡಿಯಹೋಗುವವನು ಅದರ ಕೊಂಬು ಯಾವ ಕಡೆಗೆ ಬೀಸುತ್ತಿದೆಯೆಂದು ನೋಡದೆ ಮುನ್ನುಗ್ಗುವನೆ? ಹವ್ಯಾಸಿಗಳು ಅರ್ಧ ಶತಮಾನದಿಂದ ಕೇಳುತ್ತ ಬಂದ ಪ್ರಶ್ನೆಯೇ ಇಂದು ಯಂತ್ರಶಿಲ್ಪಿಗಳ ಮೊದಲ ಪ್ರಶ್ನೆಯಾಗಿದೆ.

ನಮ್ಮ ಸೂಚನೆಯು ಸರಳವಾದದ್ದು. ಪ್ರತಿಯೊಂದು ಪ್ರೌಢಶಾಲೆಯೂ ಕಾಲೇಜೂ ಒಂದು ಜೋಡುದುರ್ಬೀನನ್ನು ಕೊಂಡು, ಒಂದು ದಿನಚರಿಯನ್ನು ತೆರೆದು, ಎರಡೋ ಮೂರೋ ವಸ್ತುಗಳನ್ನು ಆರಿಸಿಕೊಂಡು, ಅವುಗಳ ಅವಧಿಯನ್ನು ವರ್ಷದುದ್ದಕ್ಕೂ ಬರೆದಿಡಲಿ. ಒಂದು ತಂಡದ ಹುಡುಗರು ಹೊರಟುಹೋದರೆ ಮುಂದಿನ ತಂಡವು ಅದೇ ಪುಸ್ತಕವನ್ನು ಮುಂದುವರಿಸಲಿ. ಹತ್ತು ವರ್ಷಗಳ ಬಳಿಕ ಆ ಪುಸ್ತಕದಲ್ಲಿ ಅಯಸ್ಕಾಂತದ ತಡೆಯೂ ಬಿಸಿಲಿನ ಒತ್ತಡವೂ ಅಂಕೆಗಳ ರೂಪದಲ್ಲಿ ಇಳಿದುಬಂದಿರುತ್ತವೆ. ಪಾಠದ ಪುಸ್ತಕದಲ್ಲಿ ಓದಿದ್ದನ್ನು ವಿದ್ಯಾರ್ಥಿಗಳು ತಮ್ಮ ಕಣ್ಣಿನಿಂದಲೇ ಸಾಧಿಸಿಕೊಂಡಂತಾಗುವುದು. ಕಂಡದ್ದನ್ನು ಕಂಡಂತೆ, ಕಾಣದ್ದನ್ನು ಕಾಣಲಿಲ್ಲವೆಂದು ಬರೆಯುವ ಪ್ರಾಮಾಣಿಕತೆಯು ಅದರೊಂದಿಗೆ ದೊರೆಯುವ ಲಾಭ. ವೆಚ್ಚವು ಅಲ್ಪ, ಅಪ್ಪಣೆಯು ಅನವಶ್ಯಕ, ಆಕಾಶವು ಸರ್ವರಿಗೂ ಸಮಾನ. ಬೇಕಾದದ್ದು ಸಂಜೆಯ ಒಂದು ಗಂಟೆಯ ಏಕಾಗ್ರತೆ ಮಾತ್ರ. ಅದನ್ನು ಕೊಡಲು ಸಿದ್ಧರಾದ ತರುಣರು ನಮ್ಮ ನಾಡಿನಲ್ಲಿ ಕಡಿಮೆಯಿಲ್ಲವೆಂದು ನಾವು ನಂಬಿದ್ದೇವೆ.